ದಾನವೂ ಪಾಲನವೂ

ದಾನವನ್ನು ಕೊಂಡಾಡಿದವರು ಕನ್ನಡ ನಾಡಿನಲ್ಲಿ ಎಣಿಕೆಗೆ ಮೀರಿದಷ್ಟು ಮಂದಿ ಇರುವರು. ಆದರೆ ಕೊಟ್ಟ ಮೇಲೆ ಕೊಟ್ಟವನಲ್ಲಿ ಉಳಿಯುವ ಹೊಣೆ ಯಾವುದು, ಅದು ಎಷ್ಟರ ಮಟ್ಟಿನದು, ಎಂದಿಗೆ ತೀರುವುದು ಎಂಬ ವಿಚಾರಕ್ಕೆ ಕೈಹಾಕಿದವರು ವಿರಳ. ಕೊಡದವನನ್ನು ಲೋಕವು ಜಿಪುಣನೆಂದು ಹಳಿಯುವುದು. ಕೊಟ್ಟು ಕೈತೊಳೆದುಕೊಂಡವನನ್ನು ಏನೆಂದು ಕರೆಯಬೇಕೆಂಬುದಕ್ಕೆ ಆಡುಮಾತಿನಲ್ಲಿ ಒಂದು ಹೆಸರೂ ಇದ್ದಂತಿಲ್ಲ.

ಶಾಸನಗಳನ್ನು ಬರೆಯಿಸಿದ ಪೂರ್ವಿಕರು ಮಾತ್ರ ಇದನ್ನು ಮರೆತವರಲ್ಲ. ಭೂದಾನದ ಶಿಲಾಶಾಸನಗಳ ಹಾಗೂ ತಾಮ್ರಪಟಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುವ ಒಂದು ಸಂಸ್ಕೃತ ಶ್ಲೋಕವುಂಟು. ದಾನ, ಪಾಲನ ಇವೆರಡರೊಳಗೆ ದಾನಕ್ಕಿಂತ ಪಾಲನವೇ ಮೇಲಾದುದು, ದಾನದಿಂದ ದೊರೆಯುವುದು ಸ್ವರ್ಗವಾದರೆ ಪಾಲನದಿಂದ ದೊರೆಯುವುದು ಚ್ಯುತಿಯಿಲ್ಲದ ಪದವಿ ಎಂಬುದು ಅದರ ತಾತ್ಪರ್ಯ. ಶಾಸನ ಕೊರೆಯುವವನ ಕೈಗೆ ಅಭ್ಯಾಸವಾಗಿ ಹೋಗಿದ್ದ ಈ ಮಾತನ್ನು ಓದುವವರು ಸಾಮಾನ್ಯವಾಗಿ ಅಲಂಕಾರವೆಂದು ತಿಳಿದು ಮುಂದೆ ಸಾಗುವರು. ಈ ಕಾಲದ ಒಂದು ಹೊಸ ಬಗೆಯ ದಾನವನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ಆ ಹಳೆಯ ಮಾತಿನೊಳಗೆ ಎಷ್ಟು ತೂಕವಿದೆಯೆಂಬುದು ಗೊತ್ತಾಗುವುದು.

ಬಂಟವಾಳ ತಾಲೂಕಿನ ಮಾಣಿಯು ರಸ್ತೆ ಕವಲೊಡೆಯುವ ಊರು. ಮಂಗಳೂರಿನಿಂದ ಬಂದ ಹೆದ್ದಾರಿಯು ಇಲ್ಲಿ ಎರಡಾಗಿ, ಒಂದು ಉಪ್ಪಿನಂಗಡಿ, ಶಿರಾಡಿ ಘಾಟಿಯ ಮಾರ್ಗವಾಗಿ ಬೆಂಗಳೂರಿಗೂ, ಮತ್ತೊಂದು ಪುತ್ತೂರು, ಸುಳ್ಯ, ಮಡಿಕೇರಿಗಳ ಮಾರ್ಗವಾಗಿ ಮೈಸೂರಿಗೂ ಹೋಗುವುದು. ಈ ಕವಲಿನಲ್ಲಿ ರಾತ್ರಿಯ ಬಸ್ಸಿಗೆ ಕಾದು ನಿಂತು ಘಟ್ಟ ಹತ್ತಿದ ತರುಣ ತರುಣಿಯರಲ್ಲಿ ಕಂಪ್ಯೂಟರಿನ ಉದ್ಯೋಗಕ್ಕೆ ಸೇರಿದವರು ಅನೇಕರು. ಅಂಥವರು ರಜೆಗೆ ಮನೆಗೆ ಬಂದಾಗಲೂ ಊಟವಾದ ಮೇಲೆ ಮಡಿಲಲ್ಲಿ ಯಂತ್ರವನ್ನಿಟ್ಟುಕೊಂಡು ಅಪರಾತ್ರಿಯವರೆಗೆ ಕುಳಿತಿರುವುದು ಉಂಟು. ಕಂಪೆನಿಯ ಕೆಲಸವೇ ಎಂದು ಕೇಳಿದರೆ ಅಲ್ಲವೆನ್ನುವರು. ಯಾರಾದರೂ ಹಣ ಕೊಡುವರೇ ಎಂದರೆ ಅದೂ ಇಲ್ಲ. ತಾವೇ ಮಾಡಿ ಲೋಕಕ್ಕೆ ಬಿಟ್ಟುಕೊಟ್ಟ ಒಂದು ಉಪಕರಣವನ್ನು ದುರಸ್ತು ಮಾಡುತ್ತಿರುವೆವೆಂದು ಉತ್ತರ ಬರುವುದು. ಆಗ ತಾಯಿಯ ಬಾಯಿಂದ ಹೊರಡುವ ಪ್ರಶ್ನೆ ಸಹಜವಾದದ್ದೇ: “ಧರ್ಮಕ್ಕೆ ಕೊಟ್ಟಾಯಿತಲ್ಲಾ ಮಗಾ, ಮತ್ತೆಂತಕ್ಕೆ ಅದರ ಹಿಂದೆ ನಿದ್ದೆಗೆಡುವುದು?”

ಈ ಸೀಮೆಯ ಆಡುಮಾತಿನಲ್ಲಿ ಬೆಲೆಯಿಲ್ಲದೆ ದೊರೆತದ್ದನ್ನು ‘ಧರ್ಮಕ್ಕೆ ಸಿಕ್ಕಿತು’ ಎನ್ನುವರು. ಪುಕ್ಕಟೆ ಎಂಬ ಅರ್ಥಕ್ಕೆ ಧರ್ಮವೆಂಬ ಶಬ್ದವನ್ನೇ ಇಟ್ಟುಕೊಂಡ ಜನ ಬೇರೆಲ್ಲಿಯಾದರೂ ಇದ್ದಾರೆಯೇ ಎಂಬುದು ಭಾಷಾಶಾಸ್ತ್ರಿಗಳು ನೋಡಿಕೊಳ್ಳಬೇಕಾದ ಮಾತು. ತಾಯಿ ಕೇಳಿದ್ದು ಸಾಮಾನ್ಯವಾದ ಅರ್ಥದಲ್ಲಿಯೇ ಇರಬಹುದು. ಆದರೂ ಪ್ರಶ್ನೆಯ ಎರಡನೆಯ ಅರ್ಥವೇ ಇಲ್ಲಿ ವಿಚಾರಕ್ಕೆ ಬಂದಿರುವುದು. ಧರ್ಮಕ್ಕೆ ಕೊಟ್ಟಮೇಲೆ ಧರ್ಮವು ಮುಗಿಯಿತೇ?

ಮೊದಲು ಆ ಉಪಕರಣವೆಂಥದೆಂಬುದನ್ನು ತಿಳಿಯಬೇಕು. ಕಂಪ್ಯೂಟರಿಗೆ ಹೇಳಬೇಕಾದ ಕೆಲಸವನ್ನು ಒಂದು ಕೃತಕ ಭಾಷೆಯಲ್ಲಿ ಸಾಲುಸಾಲಾಗಿ ಬರೆದುಕೊಡುವರು. ಆ ಬರಹಕ್ಕೆ ಕೋಡ್ ಎಂದು ಹೆಸರು. ಅದರಲ್ಲಿ ಬರುವ ತಪ್ಪುಗಳಲ್ಲಿ ಕೆಲವನ್ನು ಕಂಡೊಡನೆ ಯಂತ್ರವು ಮುಂದೆ ಹೋಗದೆ ನಿಂತುಬಿಡುವುದು. ಇವುಗಳಿಂದ ಕೇಡು ಕಡಮೆ; ನಿಂತ ಗಾಡಿಯನ್ನು ಯಾರಾದರೂ ಬಂದು ನೋಡಿಯೇ ನೋಡುವರು. ವ್ಯಾಕರಣಕ್ಕೆ ಸರಿಯಾಗಿದ್ದು ಅರ್ಥದಲ್ಲಿ ಕೆಟ್ಟಿರುವ ತಪ್ಪುಗಳೇ ಅಪಾಯಕರವಾದವು. ಒಂದು ಹೆಸರನ್ನು ಇಟ್ಟು ಎಲ್ಲಿಯೂ ಬಳಸದೆ ಬಿಟ್ಟಿರುವುದು, ಎಂದಿಗೂ ನಡೆಯಲಾರದ ಸಾಲೊಂದು ಮೂಲೆಯಲ್ಲಿ ಕುಳಿತಿರುವುದು, ‘ಇವೆರಡು ಸಮವೇ?’ ಎಂದು ಕೇಳಬೇಕಾದ ಕಡೆ ಒಂದು ಚಿಹ್ನೆ ಬಿಟ್ಟುಹೋಗಿ ‘ಇದು ಅದಕ್ಕೆ ಸಮವಾಗಲಿ’ ಎಂಬ ಅಪ್ಪಣೆಯಾಗಿಬಿಡುವುದು. ಯಂತ್ರವು ಮರುಮಾತಾಡದೆ ಅಪ್ಪಣೆಯನ್ನು ನಡೆಯಿಸುವುದು. ಬ್ಯಾಂಕಿನ ಲೆಕ್ಕವೋ ಆಸ್ಪತ್ರೆಯ ಕಡತವೋ ಕೆಟ್ಟ ಮೇಲೆಯೇ ತಪ್ಪು ತಿಳಿಯುವುದು. ಇಂಥವುಗಳನ್ನು ಮುಂಚಿತವಾಗಿ ಹುಡುಕಿ ತೋರಿಸುವುದಕ್ಕೆ ಇನ್ನೊಂದು ಪ್ರೋಗ್ರಾಮನ್ನೇ ಮಾಡಿರುವರು. ಅಚ್ಚುಕೂಟದಲ್ಲಿ ಕರಡಚ್ಚು ತಿದ್ದುವವನು ಪುಸ್ತಕಕ್ಕೆ ಏನೋ ಅದು ಕೋಡಿಗೆ ಹಾಗೆ. ಗ್ರಂಥಕರ್ತನಲ್ಲ, ಆದರೆ ಅವನ ಕಣ್ಣು ತಪ್ಪಿದರೆ ಗ್ರಂಥಕರ್ತನ ಮಾನಹೋಗುವುದು.

ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಸ್ಟೀಫನ್ ಜಾನ್ಸನ್ ಎಂಬವರು 1978ರ ಹೊತ್ತಿಗೆ ಸಿ ಎಂಬ ಭಾಷೆಯ ಬರಹಗಳಿಗಾಗಿ ಇಂಥದೊಂದನ್ನು ಮಾಡಿ ‘ಲಿಂಟ್’ ಎಂದು ಹೆಸರಿಟ್ಟರು. ಬಟ್ಟೆಗೆ ಅಂಟಿ ಕೂರುವ ನೂಲಿನ ಧೂಳಿಗೆ ಇಂಗ್ಲಿಷಿನಲ್ಲಿರುವ ಹೆಸರು ಅದು. ಅಂದಿನಿಂದ ಈ ಜಾತಿಯ ಉಪಕರಣಗಳಿಗೆಲ್ಲ ಲಿಂಟ್ ಎಂಬುದೇ ಕುಲನಾಮವಾಯಿತು. ಇಂದು ಇವುಗಳಲ್ಲಿ ಹೆಚ್ಚಿನವು ಓಪನ್ ಸೋರ್ಸ್ ಎಂಬ ಬಗೆಯವು. ಎಂದರೆ ಉಪಕರಣ ಮಾತ್ರವಲ್ಲದೆ ಅದನ್ನು ಮಾಡಿದ ಬರಹವೂ ಎಲ್ಲರ ಮುಂದೆ ತೆರೆದಿಟ್ಟಿರುವುದು. ಯಾರೂ ಬಳಸಬಹುದು, ತಿದ್ದಬಹುದು, ತಿದ್ದಿದುದನ್ನು ಇನ್ನೊಬ್ಬರಿಗೆ ಕೊಡಬಹುದು. ಜಾವಾಸ್ಕ್ರಿಪ್ಟ್ ಎಂಬ ಭಾಷೆಗೆ 2013ರಲ್ಲಿ ನಿಕೊಲಾಸ್ ಝಾಕಸ್ ಎಂಬವರು ಆರಂಭಿಸಿದ ‘ಈಎಸ್‌ಲಿಂಟ್’ ಅವುಗಳಲ್ಲಿ ಹೆಸರಾದುದು. ವಾರವೊಂದಕ್ಕೆ ಕೋಟಿಗಟ್ಟಲೆ ಸಲ ಅದನ್ನು ಲೋಕದ ಯಂತ್ರಗಳು ಇಳಿಸಿಕೊಳ್ಳುತ್ತಿರುವವು. ಅದನ್ನು ನೋಡಿಕೊಳ್ಳುವವರು ಮಾತ್ರ ಬೆರಳೆಣಿಕೆಯ ಮಂದಿ.

ಒಮ್ಮೆ ಕೊಟ್ಟರೆ ಸಾಲದೇ ಎಂಬ ತಾಯಿಯ ಪ್ರಶ್ನೆಗೆ, ಕೆಲವು ದಾನಗಳಲ್ಲಿ ಸಾಲುವುದೆಂದೇ ಉತ್ತರ. ಇದಕ್ಕೆ ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್ ಅವರ ಕೆಲಸವನ್ನು ನೆನೆಯಬಹುದು. ಕನ್ನಡವನ್ನು ಉಚ್ಚಾರಕ್ಕೆ ಸರಿಯಾಗಿ, ವ್ಯಂಜನವನ್ನೊತ್ತಿ ಸ್ವರವನ್ನೊತ್ತಿ ಬರೆಯುವಂತೆ ಕೀಲಿಮಣೆಯ ಏರ್ಪಾಡನ್ನು ಅವರು ಮಾಡಿದರು. ತಮ್ಮ ತಂತ್ರಾಂಶಕ್ಕೆ ಈ ಜಿಲ್ಲೆಯ ಛಂದೋವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಗೌರವಾರ್ಥವಾಗಿ ‘ಸೇಡಿಯಾಪು’ ಎಂದು ಹೆಸರಿಟ್ಟು ಧರ್ಮಕ್ಕೇ ಹಂಚಿದರು. ಕರ್ನಾಟಕ ಸರಕಾರವು ಮುಂದೆ ಆ ಏರ್ಪಾಡನ್ನೇ ತನ್ನ ಮಾನಕ ಕೀಲಿಮಣೆಗೆ ಆಧಾರವಾಗಿ ಒಪ್ಪಿತು. ಇಂಥ ದಾನಕ್ಕೆ ದಿನನಿತ್ಯದ ಪಾಲನ ಬೇಡ. ಲಕ್ಷಾಂತರ ಬೆರಳುಗಳಿಗೆ ರೂಢಿಯಾದ ಮೇಲೆ ಅದನ್ನು ಕದಲಿಸದೆ ಇರುವುದೇ ಅದರ ಪಾಲನ. ತೋಡಿಟ್ಟ ಬಾವಿಯಂತೆ ಅದು ತನ್ನಷ್ಟಕ್ಕೆ ಇರುವುದು.

ಲಿಂಟಿನ ಜಾತಿಯ ಉಪಕರಣವು ಬಾವಿಯಲ್ಲ, ಕಟ್ಟ. ದಕ್ಷಿಣ ಕನ್ನಡ ಕಾಸರಗೋಡುಗಳ ಅಡಕೆತೋಟದವರಿಗೆ ಕಟ್ಟವೆಂದರೇನೆಂದು ಹೇಳಬೇಕಾದುದಿಲ್ಲ. ಮಳೆ ಹಿಂದೆಗೆದು ತೋಡಿನ ನೀರು ಇಳಿಯತೊಡಗಿದಾಗ ಕಲ್ಲು, ಮಣ್ಣು, ಸೊಪ್ಪುಗಳಿಂದ ಅದಕ್ಕೆ ಅಡ್ಡಲಾಗಿ ಕಟ್ಟುವ ತಡೆಯದು. ಅದರ ಹಿಂದೆ ನಿಂತ ನೀರಿನಿಂದ ಎರಡೂ ದಡದ ತೋಟಗಳ ಬಾವಿಗಳಲ್ಲಿ ಒರತೆ ಏರುವುದು, ಬೇಸಗೆಯಲ್ಲಿ ಅಡಕೆಮರ ಉಳಿಯುವುದು. ಮುಂಗಾರಿನ ಮೊದಲ ನೆರೆಗೆ ಕಟ್ಟವು ಹೋಗುವುದು. ಮರುವರ್ಷ ಮತ್ತೆ ಮೊದಲಿನಿಂದ ಕಟ್ಟಬೇಕು. ಕಾಸರಗೋಡಿನ ಏತಡ್ಕದಲ್ಲಿ ಸಾಲಾಗಿ ಕಟ್ಟಗಳನ್ನು ಕಟ್ಟುವ ರೂಢಿ ಪ್ರಸಿದ್ಧವಾದದ್ದು. ಕಳೆದ ವರ್ಷ ಕಟ್ಟಿದೆನಲ್ಲ ಎಂದು ಈ ವರ್ಷ ಸುಮ್ಮನೆ ಕೂರುವವನನ್ನು ಆ ಊರಿನಲ್ಲಿ ಯಾರೂ ತೋಟಗಾರನೆಂದು ಕರೆಯಲಾರರು.

ಕೋಡ್ ತಪಾಸಣೆಯ ಉಪಕರಣವೂ ಹೀಗೆಯೇ. ಅದು ಕಾವಲಿರುವ ಭಾಷೆಯೇ ಹರಿಯುವ ನೀರಿನಂಥದು. ಜಾವಾಸ್ಕ್ರಿಪ್ಟಿನ ಮಾನಕಕ್ಕೆ 2015ರಿಂದೀಚೆಗೆ ವರ್ಷಕ್ಕೊಂದು ಹೊಸ ಆವೃತ್ತಿ ಬರುತ್ತಿರುವುದು. ಒಂದೊಂದರಲ್ಲಿಯೂ ಹೊಸ ಪ್ರಯೋಗಗಳು ಸೇರುವವು. ಅವುಗಳನ್ನು ಅರಿಯದ ಹಳೆಯ ಉಪಕರಣವು ಸರಿಯಾದ ಸಾಲನ್ನು ತಪ್ಪೆಂದು ಕೂಗುವುದು. ಬಳಸುವವರಾದರೋ ಕಾಗದ ಬರೆಯುತ್ತಲೇ ಇರುವರು. ಇಲ್ಲದ ತಪ್ಪನ್ನು ಹೇಳಿತೆಂದು ಒಬ್ಬನು, ಇದ್ದ ತಪ್ಪನ್ನು ಬಿಟ್ಟಿತೆಂದು ಇನ್ನೊಬ್ಬನು, ತನ್ನ ಕಂಪೆನಿಯ ಕೆಲಸ ನಿಂತಿದೆ, ಇಂದೇ ಸರಿಪಡಿಸಬೇಕೆಂದು ಮತ್ತೊಬ್ಬನು. ಉಪಕರಣವು ಸರಿಯಾಗಿ ನಡೆದ ದಿನ ಯಾರೂ ಬರೆಯುವುದಿಲ್ಲ. ತಿದ್ದುವವನ ಹಣೆಬರಹವೇ ಇದು. ಅವನ ಕೆಲಸ ಚೆನ್ನಾಗಿದ್ದರೆ ಕಣ್ಣಿಗೆ ಬೀಳದು.

ಹೀಗಿರುವಲ್ಲಿ ಪೂರ್ವಪಕ್ಷವೊಂದು ಏಳುವುದು. ಇಂಥ ಉಪಕರಣಗಳ ಲೈಸೆನ್ಸಿನಲ್ಲಿ ಸಾಮಾನ್ಯವಾಗಿ ಒಂದು ಮಾತು ಸ್ಪಷ್ಟವಾಗಿ ಬರೆದಿರುವುದು. ಇದು ಇದ್ದಂತೆ ಕೊಟ್ಟಿರುವುದು, ಯಾವ ಭರವಸೆಯೂ ಇಲ್ಲ, ಇದರಿಂದ ನಷ್ಟವಾದರೆ ಕೊಟ್ಟವರು ಹೊಣೆಯಲ್ಲ. ಅದನ್ನು ಒಪ್ಪಿಯೇ ಅಲ್ಲವೇ ಬಳಸುವವನು ಕೈಚಾಚಿದ್ದು? ಧರ್ಮಶಾಸ್ತ್ರವೂ ಈ ಪಕ್ಷಕ್ಕೆ ಒಂದು ಊರುಗೋಲನ್ನು ಒದಗಿಸಬಲ್ಲುದು. ಕೆರೆ ಬಾವಿಗಳನ್ನು ಲೋಕಕ್ಕೆ ಬಿಟ್ಟುಕೊಡುವ ವಿಧಿಗೆ ಉತ್ಸರ್ಗವೆಂದು ಹೆಸರು. ಉತ್ಸರ್ಗವಾದೊಡನೆ ಒಡೆತನವು ಹೋಗುವುದು. ಕಟ್ಟಿಸಿದವನೂ ಉಳಿದವರಂತೆ ನೀರಿಗೆ ಬರುವವನೊಬ್ಬನು ಮಾತ್ರ. ಒಡೆತನವಿಲ್ಲದವನಿಗೆ ಹೊಣೆಯೆಲ್ಲಿಂದ?

ಈ ವಾದವು ನ್ಯಾಯಾಲಯದಲ್ಲಿ ನಿಲ್ಲುವುದು; ಅಲ್ಲಿ ಅದರೊಡನೆ ಜಗಳವಿಲ್ಲ. ಆದರೆ ನ್ಯಾಯಾಲಯವು ಬಿಟ್ಟದ್ದನ್ನೆಲ್ಲ ಮನಸ್ಸಾಕ್ಷಿಯೂ ಬಿಡಬೇಕೆಂಬ ನಿಯಮವಿಲ್ಲ. ನೇತ್ರಾವತಿಗೆ ಸೇತುವೆಗಳಾಗುವುದಕ್ಕೆ ಮುಂಚೆ ಜನರು ದೋಣಿಯ ಕಡವುಗಳಲ್ಲಿ ಹೊಳೆ ದಾಟುತ್ತಿದ್ದರು. ಅಂಥ ಕಡವೊಂದರ ಬಳಿಯ ಮನೆಯವನು ಯಾರೂ ಕೇಳದೆಯೇ ಪ್ರತಿ ರಾತ್ರಿ ದಡದಲ್ಲಿ ಒಂದು ದೀಪವನ್ನಿಡುತ್ತಿದ್ದನೆಂದು ಎಣಿಸಿಕೊಳ್ಳೋಣ. ಮೊದಲ ವಾರ ಅದು ಬರಿಯ ಉಪಕಾರ. ಹತ್ತು ವರ್ಷ ನಡೆದ ಮೇಲೆ ಅಂಬಿಗನು ತನ್ನ ದೀಪವನ್ನು ತರುವುದನ್ನು ಬಿಟ್ಟಿರುವನು. ಸುಳಿಯ ಜಾಗವನ್ನು ಈ ದೀಪದ ಗುರುತಿನಿಂದಲೇ ಅಳೆಯುವನು. ಒಂದು ರಾತ್ರಿ ಮನೆಯವನು ಹೇಳದೆ ಕೇಳದೆ ದೀಪವನ್ನಿಡದೆ ಮಲಗಿದರೆ, ಮಾತು ಕೊಟ್ಟಿರಲಿಲ್ಲವೆಂಬುದು ಅವನಿಗೆ ಸಮಾಧಾನವಾದೀತೇ? ಆಗಲಾರದು. ಹಾಗೆಂದು ಸಾಯುವವರೆಗೆ ದೀಪವಿಡುವ ಜೀತಕ್ಕೆ ಅವನು ಬಿದ್ದನೆಂದು ಹೇಳುವುದೂ ಅನ್ಯಾಯವೇ. ಅವನ ಉಪಕಾರವೇ ಅವನ ಬೇಡಿಯಾಗುವುದಾದರೆ ನಾಳೆ ದಡದಲ್ಲಿ ದೀಪವಿಡುವವರು ಯಾರು? ಎರಡರ ನಡುವೆ ಸತ್ಯವಿರುವುದು ಇಲ್ಲಿ: ದೀಪವನ್ನು ನಿಲ್ಲಿಸುವ ಅಧಿಕಾರ ಅವನಿಗುಂಟು, ಸದ್ದಿಲ್ಲದೆ ನಿಲ್ಲಿಸುವ ಅಧಿಕಾರವಿಲ್ಲ. ಅಂಬಿಗನು ತನ್ನ ದೀಪವನ್ನು ಮತ್ತೆ ಹುಡುಕಿ ಎಣ್ಣೆ ಹಾಕಿಕೊಳ್ಳುವಷ್ಟು ಮುಂಚಿತವಾಗಿ ಹೇಳಿದರೆ ಅವನ ಋಣ ತೀರಿತು.

ತಪಾಸಣೆಯ ಉಪಕರಣದಲ್ಲಿ ಇದಕ್ಕೂ ಸೂಕ್ಷ್ಮವಾದ ಇನ್ನೊಂದು ತೊಡಕುಂಟು. ದೀಪವು ದಾರಿ ತೋರಿಸುವುದು. ತಪಾಸಣೆಯು ತೀರ್ಪು ಕೊಡುವುದು. ಅಂಗಡಿಯವನು ಸೇರನ್ನು ಒಂದು ಹಿಡಿ ದೊಡ್ಡದು ಮಾಡಿಕೊಂಡರೆ ನಿನ್ನೆ ಸೇರಕ್ಕಿ ತಂದವನು ಇಂದು ಕಡಮೆ ತಂದವನಾಗುವನು. ಅವನು ಮಾಡಿದ ತಪ್ಪೇನು? ಹಾಗೆಯೇ, ಉಪಕರಣಕ್ಕೆ ಒಂದು ಹೊಸ ನಿಯಮವನ್ನು ಸೇರಿಸಿ ಬಿಡುಗಡೆ ಮಾಡಿದ ಬೆಳಗ್ಗೆ ಲೋಕದಲ್ಲಿ ಸಾವಿರಾರು ಕಡೆ ನಿನ್ನೆಯವರೆಗೆ ನಿರ್ದೋಷವಾಗಿದ್ದ ಬರಹಗಳು ದೋಷಿಗಳಾಗಿ ನಿಲ್ಲುವವು. ನಿಯಮವು ಒಳ್ಳೆಯದೇ ಇರಬಹುದು. ಆದರೂ ಅಳತೆಯನ್ನು ಬದಲಿಸುವವನು ಡಂಗುರ ಹೊಯಿಸಿ ಬದಲಿಸಬೇಕು.

ಈಎಸ್‌ಲಿಂಟಿನವರು ಈ ಡಂಗುರಕ್ಕೆ ಒಂದು ಕಟ್ಟಳೆಯನ್ನೇ ಮಾಡಿಕೊಂಡಿರುವರು. ಪ್ರತಿಯೊಂದು ಬಿಡುಗಡೆಗೂ ಮೂರು ಅಂಕಿಗಳ ಗುರುತು ಉಂಟು. ನಿಯಮದ ದೋಷವೊಂದನ್ನು ತಿದ್ದಿದ್ದರಿಂದ ಬಳಸುವವನಿಗೆ ತೋರುವ ತಪ್ಪುಗಳು ಮೊದಲಿಗಿಂತ ಕಡಮೆಯಾಗುವುದಾದರೆ ಕೊನೆಯ ಅಂಕಿಯೊಂದೇ ಏರುವುದು. ತಿದ್ದಿದ್ದರಿಂದ ತಪ್ಪುಗಳು ಹೆಚ್ಚು ಕಾಣುವಂತಾದರೆ, ಅದು ಎಷ್ಟೇ ಸಣ್ಣ ತಿದ್ದುಪಡಿಯಾದರೂ, ನಡುವಣ ಅಂಕಿ ಏರಬೇಕು. ಎಲ್ಲರಿಗೂ ಶಿಫಾರಸು ಮಾಡಿದ ನಿಯಮಗಳ ಪಟ್ಟಿಯನ್ನು ಬದಲಿಸಿ ಹೊಸ ತಪ್ಪುಗಳು ಹುಟ್ಟುವಂತಿದ್ದರೆ ಮೊದಲ ಅಂಕಿಯೇ ಬದಲಾಗಬೇಕು. ಮೊದಲ ಅಂಕಿ ಬದಲಾದುದನ್ನು ಕಂಡವನು ಎಚ್ಚರದಿಂದ, ತನಗೆ ಬಿಡುವಾದಾಗ, ಹೊಸದಕ್ಕೆ ಹೋಗುವನು. ಹೊರಗಿನವರಿಗೆ ಇದು ಬರಿಯ ಗುಮಾಸ್ತಗಿರಿಯಾಗಿ ತೋರೀತು. ತೀರ್ಪು ಕೊಡುವವನು ತನ್ನ ಅಧಿಕಾರಕ್ಕೆ ತಾನೇ ಹಾಕಿಕೊಂಡ ಬೇಲಿ ಇದು. ಈ ಮೂರು ಅಂಕಿಗಳಲ್ಲಿರುವಷ್ಟು ನೀತಿಯು ದೊಡ್ಡ ದೊಡ್ಡ ಭಾಷಣಗಳಲ್ಲಿ ಇಲ್ಲದಿರಬಹುದು.

ನೀತಿಯನ್ನು ಮಾತಿನಲ್ಲಿಯೇ ಬರೆದಿಟ್ಟವರೂ ಉಂಟು. ಡಗ್ಲಾಸ್ ಕ್ರಾಕ್‌ಫರ್ಡ್ ಎಂಬವರು 2002ರಲ್ಲಿ ‘ಜೆಎಸ್‌ಲಿಂಟ್’ ಎಂಬ ತಪಾಸಣೆಯ ಉಪಕರಣವನ್ನು ಮಾಡಿದರು. ಅದು ಬಳಸುವವರ ಮನಸ್ಸನ್ನು ನೋಯಿಸೀತೆಂದು ಅವರೇ ಎಚ್ಚರಿಸಿದ್ದರು. ಆ ಉಪಕರಣವು ಅಷ್ಟು ಕಟ್ಟುನಿಟ್ಟಿನದು, ಅದರ ಅಭಿರುಚಿಯೆಲ್ಲ ಮಾಡಿದವರದೇ. ಲೈಸೆನ್ಸಿನಲ್ಲಿ ಅವರೊಂದು ಷರತ್ತನ್ನೂ ಸೇರಿಸಿದರು. ಇದನ್ನು ಒಳಿತಿಗೆ ಬಳಸಬೇಕು, ಕೆಡುಕಿಗೆ ಬಳಸಕೂಡದು. ಕೇಳುವುದಕ್ಕೆ ಇದಕ್ಕಿಂತ ಸಾಧುವಾದ ಮಾತುಂಟೇ? ಆದರೆ ಡೆಬಿಯನ್ ಎಂಬ ಸ್ವತಂತ್ರ ತಂತ್ರಾಂಶ ಬಳಗದವರು ಈ ಒಂದು ವಾಕ್ಯಕ್ಕಾಗಿಯೇ ಅದನ್ನು ಮುಕ್ತವೆಂದು ಒಪ್ಪಲಿಲ್ಲ. ಒಳಿತು ಯಾವುದು ಕೆಡುಕು ಯಾವುದು ಎಂದು ನಿರ್ಣಯಿಸುವವರಾರು? ಒಂದು ದೊಡ್ಡ ಕಂಪೆನಿಯ ವಕೀಲರು, ತಮ್ಮ ಗಿರಾಕಿಗಳು ಏನು ಮಾಡುವರೋ ತಿಳಿಯದಾದ್ದರಿಂದ ಈ ಷರತ್ತನ್ನು ಸಡಿಲಿಸಬೇಕೆಂದು ಕೇಳಿದರಂತೆ. ಕೆಡುಕಿಗೆ ಬಳಸಲು ಅವರಿಗೆ ವಿಶೇಷ ಅನುಮತಿಯನ್ನು ಬರೆದುಕೊಟ್ಟೆನೆಂದು ಕ್ರಾಕ್‌ಫರ್ಡರೇ ಭಾಷಣವೊಂದರಲ್ಲಿ ನಗುತ್ತ ಹೇಳಿರುವರು.

ನಗು ಇರಲಿ. ಜೆಎಸ್‌ಲಿಂಟಿನ ಕಟ್ಟುನಿಟ್ಟನ್ನು ಸಹಿಸದೆ 2011ರಲ್ಲಿ ಬೇರೊಬ್ಬರು ಅದರ ಬರಹವನ್ನೇ ಎತ್ತಿಕೊಂಡು ‘ಜೆಎಸ್‌ಹಿಂಟ್’ ಎಂಬುದನ್ನು ಕವಲೊಡೆಯಿಸಿದರು. ಕವಲಿನ ಜೊತೆಗೆ ಆ ಷರತ್ತೂ ಹೋಯಿತು. ಅದನ್ನು ಕಳಚಿ ಸಾಧಾರಣ ಲೈಸೆನ್ಸಿಗೆ ಬರುವಷ್ಟರಲ್ಲಿ 2020 ಆಗಿತ್ತು. ದಾನದ ಜೊತೆಗೆ ಕಟ್ಟಿಕೊಟ್ಟ ಒಂದು ಉಪದೇಶವು ಮುಂದಿನ ಪಾಲಕರಿಗೆ ಎಷ್ಟು ವರ್ಷಗಳ ಹೊರೆಯಾಗಬಲ್ಲುದೆಂಬುದಕ್ಕೆ ಇದು ಉದಾಹರಣೆ. ಕೊಡುವವನು ಪಡೆದವನ ಶೀಲವನ್ನೂ ಕಾಯುವೆನೆಂದರೆ ಅದು ದಾನವಲ್ಲ, ದತ್ತು. ಕ್ರಾಕ್‌ಫರ್ಡರ ಉದ್ದೇಶವನ್ನು ಹಳಿಯಲು ಕಾರಣವಿಲ್ಲ. ಆದರೆ ಕೊಟ್ಟವನ ಹೊಣೆಯನ್ನು ಹುಡುಕಬೇಕಾದುದು ಪಡೆದವನ ನಡತೆಯಲ್ಲಲ್ಲ, ತನ್ನ ವಸ್ತುವಿನ ಸ್ಥಿತಿಯಲ್ಲಿ.

ಆ ಸ್ಥಿತಿಯನ್ನು ಕಾಯುವುದು ಎಷ್ಟು ಕಷ್ಟವೆಂಬುದಕ್ಕೆ 2018ರ ಜುಲೈ 12ರಂದು ನಡೆದ ಸಂಗತಿಯೊಂದುಂಟು. ಈಎಸ್‌ಲಿಂಟಿನ ಪಾಲಕರೊಬ್ಬರು ಒಂದೇ ಗುಪ್ತಪದವನ್ನು ಎರಡು ಕಡೆ ಬಳಸುತ್ತಿದ್ದರು. ಬೇರೆಡೆ ಅದು ಸೋರಿತು. ಕಳ್ಳನೊಬ್ಬನು ಅದನ್ನು ಹಿಡಿದು ಒಳಹೊಕ್ಕು, ಉಪಕರಣದ ಅಂಗಗಳ ಹೊಸ ಬಿಡುಗಡೆಯೆಂದು ವಿಷವನ್ನೇ ಬಿಡುಗಡೆ ಮಾಡಿದನು. ಅದನ್ನು ಇಳಿಸಿಕೊಂಡವರ ಬೀಗದ ಕೈಗಳನ್ನು ಕದ್ದು ತನಗೆ ಕಳುಹಿಸುವುದು ಆ ವಿಷದ ಕೆಲಸ. ಕಳ್ಳನ ಬರಹದಲ್ಲಿಯೇ ಒಂದು ತಪ್ಪಿದ್ದುದರಿಂದ ಕೆಲವು ಗಂಟೆಗಳಲ್ಲಿ ಅದು ಬಯಲಾಯಿತು. ತಪ್ಪು ಹುಡುಕುವ ಉಪಕರಣವನ್ನು ಕದ್ದವನು ತನ್ನ ಬರಹಕ್ಕೆ ಅದನ್ನು ಹಿಡಿದು ನೋಡಲಿಲ್ಲವೆಂಬುದು ವಿನೋದ. ಪಾಲಕರು ಮುಚ್ಚುಮರೆಯಿಲ್ಲದೆ ನಡೆದುದನ್ನೆಲ್ಲ ಬರೆದು ಪ್ರಕಟಿಸಿದರು. ಗುಪ್ತಪದದ ವಿಷಯದಲ್ಲಿ ತಮ್ಮ ಕಡೆಯದೇ ತಪ್ಪೆಂಬುದನ್ನೂ ಅದರಲ್ಲಿ ಒಪ್ಪಿಕೊಂಡರು. ಲೋಕದ ತಪ್ಪುಗಳನ್ನು ಎಣಿಸುವವರಿಗೆ ಅಷ್ಟಾದರೂ ಬೇಕಲ್ಲವೇ.

ಇಲ್ಲಿಗೆ ಕೊಟ್ಟವನ ಕಡೆಯ ಮಾತಾಯಿತು. ಶಾಸನದ ಶ್ಲೋಕಕ್ಕೆ ಮರಳಿ ನೋಡಬೇಕು. ದಾನಕ್ಕಿಂತ ಪಾಲನವು ಮೇಲೆಂಬ ಮಾತನ್ನು ಅಲ್ಲಿ ಯಾರನ್ನು ಕುರಿತು ಹೇಳಿದೆ? ದಾನಮಾಡಿದ ಅರಸನನ್ನು ಕುರಿತಲ್ಲ. ಅವನ ತರುವಾಯ ಬರುವ ಅರಸರನ್ನು, ಅಧಿಕಾರಿಗಳನ್ನು, ಆ ನೆಲದ ಸುತ್ತ ಬಾಳುವವರನ್ನು ಕುರಿತು. ಕೊಟ್ಟವನು ಕಲ್ಲನ್ನು ನೆಟ್ಟು ಹೋದನು. ಪಾಲನವು ಉಳಿದವರ ಪಾಲಿಗೆ ಬಂದಿತು. ಪಾಲನದ ಫಲವೇ ಹೆಚ್ಚಿನದೆಂದು ಹೇಳಿದುದು ಅವರನ್ನು ಹುರಿದುಂಬಿಸುವುದಕ್ಕಾಗಿಯೇ. ಇಂದಿನ ರೂಢಿಯಾದರೋ ಇದನ್ನು ತಲೆಕೆಳಗು ಮಾಡಿದೆ. ಕೊಟ್ಟವನೇ ಕಾಯಬೇಕು, ಕಾದವನೇ ಬೈಸಿಕೊಳ್ಳಬೇಕು, ಪಡೆದವನಿಗೆ ಫಲವೊಂದೇ. ಕಟ್ಟದ ಊರಿನಲ್ಲಿ ಇದು ನಡೆಯದು. ಅಲ್ಲಿ ಯಾರ ತೋಟಕ್ಕೆ ನೀರು ನಿಲ್ಲುವುದೋ ಅವರ ಮನೆಯಿಂದ ಕಲ್ಲು ಹೊರಲು ಆಳು ಬರಬೇಕು.

ಒಬ್ಬನೇ ಹೊತ್ತರೆ ಆಗುವ ಕೇಡು ಬರಿಯ ಆಯಾಸವಲ್ಲ. ಕಡತಗಳನ್ನು ಕುಗ್ಗಿಸಿಡುವ ‘ಎಕ್ಸ್‌ಝೆಡ್’ ಎಂಬ ಉಪಕರಣವನ್ನು, ಅದು ತಪಾಸಣೆಯ ಜಾತಿಯದಲ್ಲವಾದರೂ ಇಲ್ಲಿ ಹೇಳಬೇಕಾದುದು, ಬಹುಕಾಲ ಒಬ್ಬನೇ ವ್ಯಕ್ತಿ ಸಂಬಳವಿಲ್ಲದೆ ನೋಡಿಕೊಂಡು ಬಂದಿದ್ದನು. ಕೆಲಸ ನಿಧಾನವಾಯಿತೆಂದು 2022ರಲ್ಲಿ ಕೆಲವು ಹೆಸರುಗಳಿಂದ ಮೇಲಿಂದ ಮೇಲೆ ದೂರುಗಳು ಬಂದುವು. ಅದೇ ಕಾಲದಲ್ಲಿ ವಿನಯದಿಂದ ಸಹಾಯಕ್ಕೆ ನಿಂತ ಒಬ್ಬನಿಗೆ ಕ್ರಮೇಣ ಕೀಲಿಕೈ ದೊರೆಯಿತು. ಎರಡು ವರ್ಷ ನಂಬಿಕೆಯಿಂದ ದುಡಿದ ಮೇಲೆ ಆ ಸಹಾಯಕನು ಲೋಕದ ಕಂಪ್ಯೂಟರುಗಳಿಗೆಲ್ಲ ಕಳ್ಳಬಾಗಿಲನ್ನು ಇಡಹೊರಟಿದ್ದನು. 2024ರ ಮಾರ್ಚಿ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರರು, ಒಳಹೋಗುವಾಗ ಅರ್ಧ ಸೆಕೆಂಡು ತಡವಾಗುತ್ತಿರುವುದೇಕೆಂದು ಬೆನ್ನುಹತ್ತಿ ಹೋಗಿ ಕಂಡುಹಿಡಿದು ಸಾರಿದ್ದರಿಂದ ಅನಾಹುತ ತಪ್ಪಿತು. ಆ ಒಂಟಿ ಪಾಲಕನು ಯಾರನ್ನೂ ಮೋಸಗೊಳಿಸಿದವನಲ್ಲ. ಹೊರೆ ಇಳಿಸಲು ಕೈಕೊಟ್ಟವನನ್ನು ನಂಬಿದನು. ನಂಬಲು ಬೇರೆ ಯಾರೂ ಬಂದಿರಲಿಲ್ಲ.

ಈ ಅರಿವು ನಿಧಾನವಾಗಿ ಹರಡುತ್ತಿರುವ ಕುರುಹುಗಳುಂಟು. ಬೆಂಗಳೂರಿನ ಝೆರೋಧ ಎಂಬ ಷೇರು ವ್ಯವಹಾರದ ಸಂಸ್ಥೆಯು 2024ರಲ್ಲಿ, ಲೋಕದ ಓಪನ್ ಸೋರ್ಸ್ ಕೆಲಸಗಳಿಗೆ ವರ್ಷಕ್ಕೆ ಹತ್ತು ಲಕ್ಷ ಡಾಲರುಗಳನ್ನು ಕೊಡುವ ನಿಧಿಯೊಂದನ್ನು ಸಾರಿತು. ತಮ್ಮ ವ್ಯವಹಾರವೆಲ್ಲ ಇಂಥ ಉಪಕರಣಗಳ ಮೇಲೆಯೇ ನಿಂತಿದೆಯೆಂದು ಒಪ್ಪಿಕೊಂಡು ಕೊಟ್ಟ ಹಣವದು. ಹಣವೇ ಪಾಲನವಲ್ಲ, ನಿಜ. ಆದರೂ ಕಲ್ಲು ಹೊರಲಾರದವನು ಹೊರುವವರಿಗೆ ಗಂಜಿಯನ್ನಾದರೂ ಕೊಡಬೇಕಾದುದು ಕಟ್ಟದ ಕಟ್ಟಳೆಯೇ. ಹಣವಿಲ್ಲದವನಿಗೂ ದಾರಿಯುಂಟು. ದೂರು ಬರೆಯುವವನು ತಪ್ಪು ಯಾವ ಸಾಲಿನಲ್ಲಿ, ಹೇಗೆ ಕಂಡಿತೆಂದು ವಿವರವಾಗಿ ಬರೆದರೆ ಪಾಲಕನ ಒಂದು ರಾತ್ರಿ ಉಳಿಯುವುದು.

ಹೊರೆಯನ್ನು ಇಳಿಸುವ ಕ್ರಮಕ್ಕೂ ಈಎಸ್‌ಲಿಂಟಿನ ನಡತೆಯಲ್ಲಿ ಒಂದು ನಿದರ್ಶನ ದೊರೆಯುವುದು. 2024ರ ಏಪ್ರಿಲಿನಲ್ಲಿ 9ನೆಯ ಆವೃತ್ತಿಯನ್ನು ಬಿಡುಗಡೆ ಮಾಡಿ ಅವರು ಹಳೆಯ ಏರ್ಪಾಡನ್ನು ಬಹುಮಟ್ಟಿಗೆ ಬದಲಿಸಿದರು. ಆದರೆ 8ನೆಯದನ್ನು ಅಂದೇ ಕೈಬಿಡಲಿಲ್ಲ. ಅಕ್ಟೋಬರ 5ರವರೆಗೆ ಅದನ್ನು ಪಾಲಿಸುವೆವು, ಆಮೇಲೆ ಇಲ್ಲ ಎಂದು ದಿನವನ್ನು ಮುಂದಾಗಿಯೇ ಹೇಳಿ ಹಾಗೆಯೇ ನಡೆದುಕೊಂಡರು. ಅಸಮಾಧಾನಪಟ್ಟವರು ಇದ್ದರು. ಹಳೆಯದನ್ನೇ ಹಿಡಿದು ಉಳಿದವರೂ ಇದ್ದರು. ಅದರ ಬರಹವು ತೆರೆದೇ ಇರುವುದರಿಂದ ಅವರು ತಾವೇ ಅದನ್ನು ಪಾಲಿಸಿಕೊಳ್ಳುವುದಕ್ಕೆ ಅಡ್ಡಿಯೇನೂ ಇರಲಿಲ್ಲ.

ತೆರೆದ ಬರಹದ ಈ ಗುಣವು ಪುಸ್ತಕಗಳಿಗೆ ಹೊಸದಲ್ಲ. ಶಬ್ದವು ಸರಿಯೋ ತಪ್ಪೋ ಎಂದು ಮನೆಯಲ್ಲಿ ವಾದ ಹತ್ತಿದಾಗ ತೆಗೆದು ನೋಡುವ ಕಿಟ್ಟೆಲ್ ಕೋಶವೂ ಒಂದು ತಪಾಸಣೆಯ ಉಪಕರಣವೇ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅದು 1894ರಲ್ಲಿ ಅಚ್ಚಾಯಿತು. 1903ರಲ್ಲಿ ಕಿಟ್ಟೆಲರು ತೀರಿಕೊಂಡರು. ಶಬ್ದಗಳು ಮಾತ್ರ ಹರಿಯುವುದನ್ನು ನಿಲ್ಲಿಸಲಿಲ್ಲ. ಎಂ. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ, ಹೊಸ ಶಬ್ದಗಳನ್ನು ಸೇರಿಸಿ ಬೆಳೆಸಿದರು. ಮದರಾಸು ವಿಶ್ವವಿದ್ಯಾನಿಲಯವು 1968ರಿಂದ 1971ರ ವರೆಗೆ ಅದನ್ನು ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಸಂಪುಟಗಳ ಮೇಲೆ ಕಿಟ್ಟೆಲರ ಹೆಸರೇ ಮೊದಲು ನಿಂತಿತು. ಅದನ್ನು ತೆಗೆದು ನೋಡಿ ವಾದವನ್ನು ಮುಗಿಸುವವರು ಈಗಲೂ ಕಿಟ್ಟೆಲರು ಹೀಗೆ ಹೇಳಿರುವರೆಂದೇ ಹೇಳುವರು. ಆ ಶಬ್ದವನ್ನು ಭಟ್ಟರು ಸೇರಿಸಿದ್ದಾಗಿದ್ದರೂ ಕೂಡ.